ಬಾಯಿಯ ಮೇಲಿನ ಅಕ್ಷರ

ಅಣ್ಣ ಅಪ್ಪಯ್ಯಣ್ಣ ತೀರಿಕೊಂಡ ಹದಿನಾಲ್ಕನೆಯ ದಿನ ಅವನ ಮಗಳು ಅರ್ಪಿತ ನನ್ನ ಫೋನಿಗೆ ಒಂದು ವಿಡಿಯೋ ಕಳಿಸಿದಳು. ಒಂದೂವರೆ ನಿಮಿಷದ್ದು. ಊರ ಮನೆಯ ನಡುಮನೆಯಲ್ಲಿ ಅಣ್ಣ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದಾನೆ. ಕೊರಳಿಗೆ ಬಿಳಿ ಬಟ್ಟೆ ಸುತ್ತಿದೆ. ಕಣ್ಣುಗಳು ನೇರವಾಗಿ ನನ್ನನ್ನೇ ನೋಡುತ್ತಿವೆ. ಮೂಗಿನ ಕೆಳಗಿನಿಂದ ಗಲ್ಲದವರೆಗೆ ಒಂದು ಕಪ್ಪು ಪಟ್ಟಿ. ಪಟ್ಟಿಯ ಮೇಲೆ ಹಳದಿ ಅಕ್ಷರಗಳು ಒಂದು ಸಾಲಾದ ಮೇಲೆ ಒಂದು ಸಾಲು ಬಂದು ಹೋಗುತ್ತವೆ.

"ಲಕ್ಷ್ಮಯ್ಯ, ತಮ್ಮಾ. ನಾನು ಓದಿದ್ದನ್ನು ನೀನು ಪೂರ್ತಿ ಕೇಳಿದ್ದೀಯ. ನನ್ನ ಹರಕೆ ಮುಟ್ಟಿದೆ. ಹಿಂದಿನದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಶ್ರಾವಣಕ್ಕೆ ಮತ್ತೆ ಮಣೆಯ ಮೇಲೆ ಕೂತುಕೋ."

ಏಳು ಸಲ ನೋಡಿದೆ. ನಾಲ್ಕು ವರ್ಷದಿಂದ ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದ. ಎದುರಿಗೆ ಬಂದರೆ ದಾರಿ ಬದಲಿಸುತ್ತಿದ್ದ. ನಾನು ಅಳುತ್ತಿರುವುದನ್ನು ನೋಡಿ ಹೆಂಡತಿ ಮುನಿತಾಯಮ್ಮ ಒಲೆ ಬಿಟ್ಟು ಬಂದಳು. ಫೋನು ಕಿತ್ತುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಕಡೆಗೂ ಬುದ್ಧಿ ಬಂತಾ ನಿಮ್ಮಣ್ಣಂಗೆ," ಎಂದಳು. "ಬದುಕಿದ್ದಾಗ ಬಂದಿದ್ರೆ ಒಂದ್ಲೋಟ ಕಾಫಿನಾದ್ರೂ ಕಾಸ್ಕೊಡ್ತಿದ್ದೆ."

ಎಂಟನೆಯ ಸಲ ನೋಡುವಾಗ ಅಕ್ಷರ ಬಿಟ್ಟು ಕಣ್ಣು ನೋಡಿದೆ. "ತಮ್ಮಾ" ಎಂದು ಪಟ್ಟಿಯಲ್ಲಿ ಬರುವಾಗ ಅಣ್ಣನ ಹುಬ್ಬು ಗಂಟಿಕ್ಕಿತ್ತು. "ಹರಕೆ ಮುಟ್ಟಿದೆ" ಎನ್ನುವಾಗ ಕೆನ್ನೆ ಬಿಗಿದುಕೊಂಡು ನಡುಗಿತು. ಸಮಾಧಾನದ ಮಾತಾಡುವವನ ಕೆನ್ನೆ ಹಾಗಿರುವುದಿಲ್ಲ. ನನ್ನಂಥವನಿಗೆ ಕಳಿಸುವ ವಿಡಿಯೋದಲ್ಲಿ ಬಾಯಿಯನ್ನೇ ಯಾಕೆ ಮುಚ್ಚಿದರು ಎಂದು ಆಗ ಹೊಳೆಯಿತು.

ನಾನು ಕಿವುಡ. ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡುಗಳಲ್ಲಿ ಮೂವತ್ತೊಂದು ವರ್ಷ ಸೀರೆ ನೇಯ್ದಿದ್ದೇನೆ. ಹನ್ನೆರಡು ಪವರ್‌ಲೂಮು ಒಟ್ಟಿಗೆ ಬಡಿಯುವ ಕಡೆ ಯಾರೂ ಕೂಗಿ ಮಾತಾಡುವುದಿಲ್ಲ, ಕೂಗಿದರೂ ಪ್ರಯೋಜನವಿಲ್ಲ. ದನಿ ತೆಗೆಯದೆ ತುಟಿ ಬಿಡಿಸಿ ಆಡುತ್ತೇವೆ. ಎಳೆ ಕಿತ್ತಿದೆ, ಟೀ ಬಂತು, ಓನರು ಬಂದ, ಆಚೆ ಬೀದಿಯವಳು ಗಂಡನನ್ನು ಬಿಟ್ಟು ಹೋದಳು, ಎಲ್ಲ ತುಟಿಯಲ್ಲೇ. ಕಿವಿ ಯಾವ ವರ್ಷ ಪೂರ್ತಿ ಹೋಯಿತೆಂದು ಹೇಳಲಾರೆ. ಮೊದಲು ಗುಬ್ಬಿ ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಹೆಂಡತಿ. ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದ ವರ್ಷ, ಬೀದಿಯಲ್ಲಿ ಎಲ್ಲರೂ ತಲೆಯೆತ್ತಿದಾಗ ನಾನೂ ಎತ್ತಿದೆ. ವಿಮಾನ ಬಿಳಿ ಹೊಟ್ಟೆ ತೋರಿಸಿಕೊಂಡು ಹೋಯಿತು. "ಒಳ್ಳೇ ವಿಮಾನ, ಸದ್ದೇ ಮಾಡಲ್ಲ," ಎಂದೆ. ತಮಾಷೆ ಮಾಡಿದೆನೆಂದು ಎಲ್ಲರೂ ನಕ್ಕರು. ನಾನೂ ನಕ್ಕೆ.

ನಮ್ಮೂರು ಸಾಸಲು ಹೋಬಳಿಯಲ್ಲಿದೆ. ಅಲ್ಲಿನ ಭಜನೆಮನೆಯಲ್ಲಿ ಶ್ರಾವಣ ಪೂರ್ತಿ ಕಾವ್ಯ ಓದುತ್ತಾರೆ. ನಮ್ಮಪ್ಪ ಓದುತ್ತಿದ್ದ, ಅವನ ಮೊಣಕಾಲಿಗೆ ಒರಗಿಕೊಂಡು ನಾವಿಬ್ಬರೂ ಬೆಳೆದೆವು. ಅಪ್ಪನ ನಂತರ ಅಣ್ಣ ಓದಿದ. ಅವನ ಕಂಠ ಅಂಥದ್ದು: ಯುದ್ಧದ ಸಂಧಿ ಓದಿದರೆ ಹೊರಗೆ ಕಟ್ಟಿದ ಎತ್ತು ಕಾಲು ಕೆದರುತ್ತಿತ್ತು. ನನಗೆ ಓದುವ ಗಂಟಲು ಬರಲಿಲ್ಲ, ಕೇಳುವ ಕಿವಿ ಬಂತು. ಯಾವ ಪದ್ಯದಲ್ಲಿ ಅಣ್ಣ ಉಸಿರು ಎಳೆದುಕೊಳ್ಳುತ್ತಾನೆ, ಯಾವ ಸಾಲನ್ನು ಎರಡು ಸಲ ಹೇಳುತ್ತಾನೆ, ಎಲ್ಲ ನನಗೆ ಗೊತ್ತಿತ್ತು.

ಬರೀ ಓದು ಬೇರೆ, ಹರಕೆಯ ಓದು ಬೇರೆ. ಹರಕೆಯ ಓದಿಗೆ ಊರೆಲ್ಲ ಬಂದು ಕೂತರೂ ಒಬ್ಬ ಕೇಳುಗ ಬೇಕು. ಅವನು ಆ ತಿಂಗಳು ಒಂದು ಹೊತ್ತು ಉಂಡು, ಓದುವವನ ಎದುರಿಗೆ ಮಣೆಯ ಮೇಲೆ ಕೂರಬೇಕು. ಒಂದು ಸಂಧಿ ಮುಗಿದ ಕೂಡಲೇ ಒಂದು ದಳ ತುಳಸಿಯನ್ನು ಪುಸ್ತಕದ ಮೇಲೆ ಇಡಬೇಕು. ಓದಿದ್ದು ಒಬ್ಬ ಮನುಷ್ಯನಲ್ಲಿ ಪೂರ್ತಿ ಇಳಿದರೆ ಮಾತ್ರ ದೇವರಿಗೆ ಮುಟ್ಟುತ್ತದೆ ಎಂಬುದು ನಮ್ಮೂರ ನಂಬಿಕೆ. ಅತ್ತಿಗೆ ನರಸಮ್ಮನಿಗೆ ಮೂತ್ರಪಿಂಡದ ಕಾಯಿಲೆ ಬಂದಾಗ ಅಣ್ಣ ಮೂರು ಶ್ರಾವಣದ ಓದಿಗೆ ಹರಕೆ ಹೊತ್ತ. ಕೇಳುಗನ ಮಣೆಗೆ ನನ್ನನ್ನು ಕರೆದ.

ಆಗಲೇ ನನ್ನ ಕಿವಿ ಹೋಗಿತ್ತು. ಹೇಳಲಿಲ್ಲ. ಹೇಳಬೇಕೆಂದು ನನಗೆ ಅನ್ನಿಸಲೂ ಇಲ್ಲ, ಇದು ನಿಜ. ಅಣ್ಣನ ತುಟಿ ಅಲ್ಲಾಡಿದರೆ ಸಾಕು, ಅವನ ದನಿ ನನ್ನ ತಲೆಯೊಳಗೆ ಏಳುತ್ತಿತ್ತು, ಏರಿಳಿತ ಸಮೇತ. ಎರಡು ಶ್ರಾವಣ ಒಂದು ದಳವೂ ತಪ್ಪದಂತೆ ಇಟ್ಟೆ. ಮೂರನೆಯ ಶ್ರಾವಣದ ಕೊನೆಯ ವಾರ, ರಾತ್ರಿ ಮಳೆಗಾಳಿಗೆ ಎಣ್ಣೆದೀಪ ಆರಿ, ಕರೆಂಟೂ ಹೋಯಿತು. ಕತ್ತಲೆಯಲ್ಲಿ ಕೈ ಮುಗಿದುಕೊಂಡು ಕೂತೆ. ಬೆಳಕಿಲ್ಲದೆ ಅಣ್ಣ ಓದು ನಿಲ್ಲಿಸಿದ್ದಾನೆ ಎಂದುಕೊಂಡೆ. ಹತ್ತು ನಿಮಿಷವಾಯಿತೋ ಹದಿನೈದಾಯಿತೋ, ಬಲ್ಬು ಹತ್ತಿಕೊಂಡಿತು. ಅಣ್ಣ ನನ್ನನ್ನೇ ನೋಡುತ್ತಿದ್ದ. ಜನವೆಲ್ಲ ನನ್ನನ್ನೇ ನೋಡುತ್ತಿದ್ದರು.

"ಓದಣ್ಣ," ಎಂದೆ.

ಅವನಿಗೆ ಕಾವ್ಯ ಬಾಯಿಪಾಠ. ಕತ್ತಲೆಯಲ್ಲಿ ಅವನು ನಿಲ್ಲಿಸಿರಲೇ ಇಲ್ಲ. ಆ ಸಂಧಿ ಓದಿ ಮುಗಿಸಿ ತುಳಸಿಗಾಗಿ ಕಾಯುತ್ತಿದ್ದ.

ಅಣ್ಣ ಪುಸ್ತಕ ಮುಚ್ಚಿದ. "ಕಿವುಡನ್ ಮುಂದೆ ಓದಿದೀನಿ," ಎಂದ, ನನಗಲ್ಲ, ಪುಸ್ತಕಕ್ಕೆ. ಉಳಿದ ಸಂಧಿಗಳಿಗೆ ನಮ್ಮೂರಿನವನೇ ಆದ ದೊಡ್ಡಬೀರಪ್ಪನನ್ನು ಮಣೆಯ ಮೇಲೆ ಕೂರಿಸಿದ. ಅವನೂ ನನ್ನಂತೆ ಮಗ್ಗದವನು, ಆದರೆ ಬೇರೆ ಶೆಡ್ಡಿನವನು, ಕಿವಿ ಇನ್ನೂ ಉಳಿದಿತ್ತು. ಕಾರ್ತಿಕದಲ್ಲಿ ಅತ್ತಿಗೆ ಹೋದಳು. ಅಣ್ಣ ಆಮೇಲೆ ನನ್ನ ಕಡೆ ತಿರುಗಿ ನೋಡಲಿಲ್ಲ.

ಎರಡು ವರ್ಷದ ಮೇಲೆ ಅಣ್ಣನ ಗಂಟಲಿಗೇ ಹುಣ್ಣು ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ದನಿಪೆಟ್ಟಿಗೆ ಹೋಯಿತು, ಬರೀ ತುಟಿ ಉಳಿಯಿತು. ದನಿಯಿಲ್ಲದವನ ಮಾತನ್ನು ನನ್ನಷ್ಟು ಸರಾಗವಾಗಿ ತಿಳಿಯುವವರು ಆ ಹೋಬಳಿಯಲ್ಲಿ ಇನ್ನೊಬ್ಬರಿರಲಿಲ್ಲ. ನನ್ನನ್ನು ಕರೆಯಲಿಲ್ಲ. ದೊಡ್ಡಬೀರಪ್ಪ ಭಾನುವಾರ ಭಾನುವಾರ ಹೋಗಿ ಅವನ ತುಟಿ ಓದಿ ಮನೆಯವರಿಗೆ ಹೇಳುತ್ತಿದ್ದನಂತೆ. ಉಳಿದ ದಿನ ಅಣ್ಣ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದನಂತೆ. ಅಣ್ಣ ಸತ್ತ ದಿನ ಮಾತ್ರ ನಾನು ಯಾರನ್ನೂ ಕೇಳದೆ ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟೆ. ಅರ್ಪಿತ ನನ್ನನ್ನು ನೋಡಿದಳು, ಬೇಡ ಎನ್ನಲಿಲ್ಲ.

ವಿಡಿಯೋ ಮುಗಿಯುವಾಗ ಮೂಲೆಯಲ್ಲಿ ಒಂದು ಸ್ಟುಡಿಯೋದ ಹೆಸರು ಬರುತ್ತಿತ್ತು. ದೊಡ್ಡಬಳ್ಳಾಪುರದ ಹಳೇ ಬಸ್ ನಿಲ್ದಾಣದ ಹಿಂದೆ, ಮಹಡಿಯ ಮೇಲೆ. ಮಾರನೆಯ ದಿನವೇ ಹೋದೆ. ಬೈರೇಶ್ ಎಂಬ ದಪ್ಪನೆಯ ಮನುಷ್ಯ ಕಂಪ್ಯೂಟರಿನ ಮುಂದೆ ಕೂತು ಯಾವುದೋ ಲೇಔಟಿನ ಜಾಹೀರಾತಿಗೆ "ಏರ್‌ಪೋರ್ಟಿಗೆ ಇಪ್ಪತ್ತೇ ನಿಮಿಷ" ಎಂದು ಅಕ್ಷರ ಕೂರಿಸುತ್ತಿದ್ದ. ಬಾಯಿ ತುಂಬ ಗುಟ್ಕಾ.

"ಬಾಯಲ್ಲಿರೋದನ್ನ ಉಗಿದು ಬಂದು ಮಾತಾಡಪ್ಪ," ಎಂದೆ. "ನನಗೆ ಕಿವಿ ಮಂದ. ತುಟಿ ನೋಡ್ಬೇಕು."

ಅವನು ನಕ್ಕು, ಕಿಟಕಿಯಾಚೆ ಉಗಿದು ಬಂದ. ಫೋನು ತೋರಿಸಿದೆ.

"ಈ ಅಕ್ಷರ ತೆಗೆದ್ಕೊಡು."

"ಬರಲ್ಲ ಅಣ್ಣ."

"ಹಾಕೋಕೆ ಬರುತ್ತೆ, ತೆಗೆಯೋಕೆ ಬರಲ್ವಾ?"

"ಎರಡು ಥರ ಇರುತ್ತೆ ನೋಡಿ. ಒಂದ್ರಲ್ಲಿ ಅಕ್ಷರದ್ದೇ ಬೇರೆ ಫೈಲು. ವಿಡಿಯೋ ಜೊತೆಗೆ ಬರುತ್ತೆ. ಬೇಕಂದ್ರೆ ಹಾಕ್ಕೋಬಹುದು, ಬೇಡಂದ್ರೆ ತೆಗೀಬಹುದು, ಹೆಗಲ ಮೇಲಿನ ಶಲ್ಯ ಇದ್ದಂಗೆ. ಇನ್ನೊಂದು ಹಚ್ಚೆ. ಚಿತ್ರದೊಳಗೇ ಇಳಿಸ್ಬಿಡೋದು. ಇದು ಹಚ್ಚೆ."

"ಹಚ್ಚೆ ಕೆಳಗೆ ಚರ್ಮ ಇರುತ್ತಲ್ಲಪ್ಪ."

"ಇಲ್ಲಿ ಅದೂ ಇಲ್ಲ. ಆ ಜಾಗದಲ್ಲಿ ಬಾಯಿದ್ದಿದ್ದು ಹೋಯ್ತು, ಪಟ್ಟಿ ಬಂತು. ಕೆಳಗೇನೂ ಉಳಿದಿಲ್ಲ. ಕೆರೆದು ನೋಡೋಕೆ ಗೋಡೆ ಸುಣ್ಣನಾ?"

ನನ್ನ ಮುಖ ಏನಾಯಿತೋ, ಅವನು ಸ್ಟೂಲು ಎಳೆದು ಕೂರಿಸಿದ.

"ನಾನು ಮೊದಲು ಗಲ್ಲದ ಕೆಳಗೇ ಹಾಕಿದ್ದೆ ಅಣ್ಣ. ಎಲ್ಲಾರೂ ಅಲ್ಲೇ ಹಾಕೋದು. ಮೇಡಂ ನೋಡಿ, ಮೇಲೆ ತನ್ನಿ ಅಂದ್ರು. ಇನ್ನೂ ಮೇಲೆ ಅಂದ್ರು. ಬಾಯಿ ಒಂದಿಷ್ಟೂ ಕಾಣಬಾರದು, ಯಾರಿಗೂ ತೆಗೆಯೋಕೆ ಬರಬಾರದು ಅಂದ್ರು. ಆಪರೇಷನ್ ಆದ ಬಾಯಿ, ವಿಕಾರ ಕಾಣುತ್ತೆ ಅಂತಿರಬೇಕು ಅಂದ್ಕೊಂಡು ಸುಮ್ಮನಾದೆ."

"ಅಕ್ಷರ ಬರೆದಿದ್ದು?"

"ಅವರೇ. ಚೀಟೀಲಿ ಬರ್ಕೊಂಡು ಬಂದಿದ್ರು."

"ಮೊದಲಿನದು ನಿನ್ಹತ್ರ ಇಲ್ವಾ?"

"ಎದುರಿಗೆ ನಿಂತು ಅಳಿಸಿಸಿದ್ರು." ಕಿವಿಗೆ ಹೆಡ್‌ಫೋನು ಹಾಕಿಕೊಂಡು ವಿಡಿಯೋ ಒಮ್ಮೆ ಪೂರ್ತಿ ಕೇಳಿದ. "ದನೀನೂ ಇಲ್ಲ ಅಣ್ಣ. ಬರೀ ಉಸಿರು. ಮಧ್ಯದಲ್ಲಿ ಒಂದ್ಸಲ ಕೋಳಿ ಕೂಗುತ್ತೆ, ಅಷ್ಟೇ."

ಮನೆಗೆ ಬಂದು ಮುನಿತಾಯಮ್ಮನಿಗೆ ಹೇಳಿದೆ. ಅವಳು ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ.

"ಒಳ್ಳೇ ಮಾತೇ ಬರ್ದವ್ಳೆ ತಾನೆ, ಇಟ್ಕೋ," ಎಂದಳು. "ಸತ್ತೋನ ಬಾಯಿ ಹುಡುಕ್ಕೊಂಡು ಊರೂರು ಅಲೀತೀಯ. ಬದುಕಿರೋಳು ಇಷ್ಟ್ ವರ್ಷದಿಂದ ಮಾತಾಡ್ತಾವಳೆ, ಒಂದಿನ ಈ ಬಾಯಿ ನೋಡಿದ್ಯಾ?"

ಆ ವಾರದಲ್ಲೇ ವೆಂಕಟರಾಯಪ್ಪ ಬಂದರು. ಭಜನೆಮನೆಯ ಯಜಮಾನರು, ಎಪ್ಪತ್ತರ ಮೇಲಿನವರು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು. ಕೇಳುಗನನ್ನು ಕರೆಯುವುದು ಹೀಗೆಯೇ. ಅವರ ಮೀಸೆ ಮೇಲಿನ ತುಟಿಯನ್ನು ಪೂರ್ತಿ ನುಂಗಿತ್ತು, ಅರ್ಧ ಮಾತು ನಾನು ಊಹಿಸಬೇಕು.

"ವಿಡಿಯೋ ನಮ್ಮೂರ ಗ್ರೂಪಿಗೂ ಬಂತು ಕಣಪ್ಪ," ಎಂದರು. "ಓದಿ ಹೆಂಗಸರೆಲ್ಲ ಅತ್ತರು. ಎಂಥಾ ದೊಡ್ಡ ಮನುಷ್ಯ ನಿಮ್ಮಣ್ಣ! ಸಾಯೋ ಹೊತ್ನಲ್ಲಿ ತಮ್ಮನ್ನ ಮಣೆ ಮೇಲೆ ಕೂರಿಸಿ ಹೋದ. ನಮಗೆ ಗೊತ್ತಾಗಿರಲಿಲ್ಲ, ನೀನು ತುಟೀಲೇ ಎಲ್ಲಾ ಕೇಳ್ತೀಯಂತೆ, ಅರ್ಪಿತ ಹೇಳಿದ್ಲು. ನಿಮ್ಮಣ್ಣನೇ ಒಪ್ಪಿದ ಮೇಲೆ ನಮ್ಮದೇನು? ಈ ಶ್ರಾವಣಕ್ಕೆ ಮೊಮ್ಮಗನ ಸಲುವಾಗಿ ನಾನು ಹರಕೆ ಓದ್ತೀನಿ. ನೀನು ಕೂತ್ಕೋಬೇಕು."

ನಾನು ಮೀಸೆಯನ್ನೇ ನೋಡುತ್ತಿದ್ದುದು ಅವರಿಗೆ ತಿಳಿಯಿತು.

"ಬೋಳಿಸ್ತೀನಿ ಕಣಪ್ಪ. ನಲವತ್ತು ವರ್ಷದ್ದು. ದೇವರ ಕೆಲಸಕ್ಕಲ್ವಾ?"

ಸುಳ್ಳು ಹೇಳುವುದಿಲ್ಲ. ಕೈ ತಟ್ಟೆಯ ಕಡೆಗೆ ಹೋಯಿತು. ಕಿವಿ ಇಲ್ಲದಿದ್ದರೂ ನಾನು ಕೇಳುತ್ತೇನೆ ಎಂದು ಊರು ಮೊದಲ ಸಲ ಒಪ್ಪಿತ್ತು. ಅಲ್ಲಿ ಮತ್ತೆ ಕೂರಬಹುದು, ಎಣ್ಣೆದೀಪದ ಪಕ್ಕ, ತುಳಸಿಯ ಬುಟ್ಟಿ ಮುಂದಿಟ್ಟುಕೊಂಡು. ಆದರೆ ಅಣ್ಣನ ಬಿಗಿದ ಕೆನ್ನೆ ಕಣ್ಣ ಮುಂದೆ ಬಂತು. ಅಮಾವಾಸ್ಯೆಯೊಳಗೆ ಹೇಳುತ್ತೇನೆ ಎಂದೆ. ತಟ್ಟೆಯನ್ನು ನಮ್ಮ ದೇವರಮನೆಯಲ್ಲೇ ಇಟ್ಟು ಹೋದರು.

ವಿಡಿಯೋ ತೆಗೆದಾಗ ದೊಡ್ಡಬೀರಪ್ಪ ಅಲ್ಲಿದ್ದಿರಬೇಕು ಎನ್ನಿಸಿತು. ಅವತ್ತಿನ ಬೆಳಕು ಬೆಳಗಿನದು, ಕೋಳಿ ಬೇರೆ ಕೂಗಿದೆ. ಭಾನುವಾರ ಬೆಳಿಗ್ಗೆಯೇ ಅವನು ಹೋಗುತ್ತಿದ್ದುದು. ಅವನ ಶೆಡ್ಡಿಗೆ ಹೋದೆ. ಮಗ್ಗಗಳು ಓಡುತ್ತಿದ್ದವು. ನೆಲದ ನಡುಕ ಅಂಗಾಲಿನಿಂದ ಹಲ್ಲಿನವರೆಗೆ ಬರುತ್ತಿತ್ತು. ಅಂಥ ಕಡೆ ನಾನು ಯಾರಿಗೂ ಕಡಿಮೆಯಲ್ಲ, ಅಲ್ಲಿ ಎಲ್ಲರೂ ಕಿವುಡರೇ.

"ಏನ್ ಗುರು, ಮಣೆ ವಾಪಸ್ ನಿಂದೇ ಆಯ್ತಂತೆ," ಎಂದ ದೊಡ್ಡಬೀರಪ್ಪ, ಲಾಳಿ ಬದಲಿಸುತ್ತ. "ಒಳ್ಳೇದಾಯ್ತು ಬಿಡು. ನನಗೂ ಸೊಂಟ ನೋವು."

"ಬೀರ, ನಮ್ಮಣ್ಣ ಏನು ಹೇಳ್ದ?"

"ಬರ್ದಿದಾರಲ್ಲ."

"ಬರ್ದಿರೋದನ್ನ ನಾನೂ ಓದಿದೀನಿ. ಹೇಳಿದ್ದೇನು?"

ಅವನು ಮಗ್ಗ ನಿಲ್ಲಿಸಿದ. ಅಕ್ಕಪಕ್ಕದವರು ನಮ್ಮ ಕಡೆ ನೋಡುತ್ತಿದ್ದರು. ಮಗ್ಗದವರ ಮಧ್ಯೆ ಗುಟ್ಟು ಹೇಳಬೇಕಾದರೆ ಯಾರೂ ಕಿವಿಯ ಹತ್ತಿರ ಹೋಗುವುದಿಲ್ಲ, ಗೋಡೆಯ ಕಡೆಗೆ ತಿರುಗುತ್ತಾರೆ. ದೊಡ್ಡಬೀರಪ್ಪ ನನ್ನ ರಟ್ಟೆ ಹಿಡಿದು ನೂಲಿನ ಮೂಟೆಗಳ ಹಿಂದಕ್ಕೆ ಕರೆದುಕೊಂಡು ಹೋಗಿ, ಎಲ್ಲರಿಗೂ ಬೆನ್ನು ಮಾಡಿ ನಿಂತ.

"ನನ್ನ ಮೇಲೆ ಕೋಪ ಮಾಡ್ಕೋಬಾರ್ದು."

"ಇಲ್ಲ."

"ಮಣೆ ಹೋಗುತ್ತೆ ಅಂತ ಹೊಟ್ಟೆಕಿಚ್ಚಿಗೆ ಹೇಳ್ದ ಅಂತಲೂ ಅನ್ಬಾರ್ದು."

"ಹೇಳೋ ಮಾರಾಯ."

ಹೇಳಿದ. ಅಣ್ಣನ ಮಾತನ್ನು ಅಣ್ಣ ಹೇಳಿದ ಹಾಗೆಯೇ, ಒಂದೊಂದಾಗಿ ನಿಲ್ಲಿಸಿ ನಿಲ್ಲಿಸಿ.

"ಲಕ್ಷ್ಮಯ್ಯ. ದೇವರ ಮುಂದೆ ಮೂರು ಶ್ರಾವಣ ನೀನು ಸುಳ್ಳು ಕೂತೆ. ನಿನ್ನ ಕಿವುಡು ನನ್ನ ನರಸಿನ ತಿಂತು. ನನ್ನ ಚಟ್ಟಕ್ಕೆ ನಿನ್ನ ಹೆಗಲು ಬೇಡ. ಆ ಮಣೆ ಮೇಲೆ ಯಾವತ್ತೂ ಕೂರಬೇಡ."

ನಾನು ಹೆಗಲು ಮುಟ್ಟಿಕೊಂಡೆನಂತೆ. ನನಗೆ ನೆನಪಿಲ್ಲ. ದೊಡ್ಡಬೀರಪ್ಪ ಅದನ್ನು ನೋಡಿ ಮುಖ ತಿರುಗಿಸಿದ.

"ನೀನು ಬಂದು ಹೆಗಲು ಕೊಟ್ಟಾಗ ನಾನು ಆ ಹುಡುಗಿ ಮುಖ ನೋಡ್ದೆ," ಎಂದ. "ಅವಳು ನೆಲ ನೋಡಿದ್ಲು. ನಾನೇನ್ ಮಾಡ್ಲಿ, ಹೆಣದ ಮುಂದೆ ಜಗಳ ತೆಗೀಲಾ?"

ಅರ್ಪಿತಳಿಗೆ ವಾರಕ್ಕೊಂದು ರಜೆ. ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹಿಂದೆ ಕೂರುವ ಕೆಲಸ ಅವಳದು. ಆ ದಿನ ಊರಿಗೆ ಹೋದೆ. ಅಣ್ಣನ ಬಟ್ಟೆಗಳನ್ನು ಒಗೆದು ಹಗ್ಗದ ಮೇಲೆ ಹರವಿದ್ದಳು. ಯಾರಿಗೋ ಕೊಡುವುದಕ್ಕೆ. ನಮ್ಮ ನೆಂಟರಿಷ್ಟರಲ್ಲಿ ಅವಳ ತುಟಿಯಷ್ಟು ಸುಲಭವಾಗಿ ಇನ್ಯಾರ ತುಟಿಯನ್ನೂ ಓದಲಾರೆ. ಕೆಲಸಕ್ಕೆ ಸೇರುವಾಗ ಬಾಯಿ ಬಿಡಿಸಿ ಸ್ಪಷ್ಟವಾಗಿ ಮಾತಾಡುವುದನ್ನು ಕಲಿಸಿದ್ದಾರೆ.

"ಬನ್ನಿ ಚಿಕ್ಕಪ್ಪ. ಕಾಫಿ ಮಾಡ್ತೀನಿ."

"ಅಕ್ಷರ ಇಲ್ಲದ್ದು ಕೊಡಮ್ಮ."

ಅವಳು ಕೈಯಲ್ಲಿದ್ದ ಪಂಚೆಯನ್ನು ಮಡಚಿದಳು. ಬಿಚ್ಚಿ ಮತ್ತೆ ಮಡಚಿದಳು.

"ಯಾರು ಹೇಳಿದ್ರು?"

"ನಿನ್ನ ಪಟ್ಟಿನೇ ಹೇಳ್ತು."

"ಇಲ್ಲ ಚಿಕ್ಕಪ್ಪ, ಅದು ಈಗಿಲ್ಲ. ನನ್ನ ಫೋನಲ್ಲೂ ಇಲ್ಲ. ಅಪ್ಪ ಸಾಯೋವಾಗ ವಿಷ ಕಕ್ಕಿ ಹೋದ್ರು. ಅದನ್ನ ತಂದು ನಿಮಗೆ ಕುಡಿಸ್ಬೇಕಿತ್ತಾ? ಅಮ್ಮ ಹೋಗಿದ್ದು ಕಿಡ್ನಿಯಿಂದ. ನಿಮ್ಮಿಂದ ಅಲ್ಲ. ಡಾಕ್ಟರು ಎಷ್ಟು ಹೇಳಿದ್ರೂ ಅಪ್ಪ ಕೇಳ್ಲಿಲ್ಲ.

"ವಿಡಿಯೋ ನಿಮಗೆ ತೋರಿಸ್ಲೇಬೇಕು ಅಂತ ಕೈ ಮೇಲೆ ಕೈ ಹಾಕಿಸ್ಕೊಂಡ್ರು. ತೋರಿಸಿದೀನಿ. ಭಾಷೆಗೆ ತಪ್ಪಿಲ್ಲ. ನಿಮಗೂ ನೋವಾಗಬಾರದು, ಊರಲ್ಲಿ ನಿಮಗೆ ಮರ್ಯಾದೆನೂ ಬರಲಿ ಅಂತ ಮಾಡ್ದೆ. ತಪ್ಪಾ?"

ಅವಳ ಕಣ್ಣಲ್ಲಿ ನೀರಿತ್ತು. ಬೇರೆ ಒಂದು ಮಾತು ಕೇಳಿದೆ.

"ಹೆಂಗೆ ಹೇಳ್ದ ಅವನು? ಬೇಗ ಬೇಗ ಹೇಳಿದ್ನಾ?"

"ಇಲ್ಲ. ಮೂರು ಸಲ ತೆಗೆಸಿದ್ರು. ಮೊದಲನೇ ಸಲ ಅವಸರ ಆಯ್ತು ಅಂತ. ಎರಡನೇ ಸಲ ಬೆಳಕು ಸಾಲದು, ತುಟಿ ಕಾಣಲ್ಲ ಅಂತ. ಆ ಕಿಟಕಿ ತೆಗೆಸಿ, ಮಂಚದಿಂದ ಗೋಡೆ ಹತ್ರಕ್ಕೆ ಬಂದು ಕೂತ್ರು. ಬರೋಕೆ ಅರ್ಧ ಗಂಟೆ ಹಿಡೀತು. ಮೂರನೇ ಸಲ ಒಂದೊಂದು ಮಾತಿಗೂ ನಿಂತು ನಿಂತು ಹೇಳಿದ್ರು."

"ಸ್ಲೇಟಿತ್ತಲ್ಲ, ಬರೆದು ತೋರಿಸ್ತಿದ್ನಲ್ಲ. ನನಗೂ ಬರ್ದೇ ಕೊಡಬಹುದಾಗಿತ್ತು."

"ನಾನೂ ಅದೇ ಅಂದೆ. ಬೇಡ ಅಂತ ತಲೆ ಆಡಿಸಿದ್ರು. 'ಅವನು ನನ್ನ ಬಾಯಿಂದಲೇ ಕೇಳಲಿ' ಅಂತ ಸ್ಲೇಟಲ್ಲಿ ಬರೆದ್ರು."

ಅವಳು ಅದನ್ನು ಎಲ್ಲದರ ಜೊತೆ ಸೇರಿಸಿ ಹೇಳಿ, ಕಾಫಿಗೆ ಹಾಲು ಇದೆಯೋ ಇಲ್ಲವೋ ನೋಡಲು ಒಳಗೆ ಹೋದಳು.

ನಾನು ಆ ಕಿಟಕಿಯ ಹತ್ತಿರ ಹೋಗಿ ಕೂತೆ. ನಾಲ್ಕು ವರ್ಷ ನನ್ನನ್ನು ಕಿವುಡನೆಂದು ದೂರ ಇಟ್ಟವನು, ಉಸಿರಿಗೇ ತ್ರಾಣವಿಲ್ಲದ ಹೊತ್ತಿನಲ್ಲಿ ಮಂಚದಿಂದ ಇಳಿದು ಇಲ್ಲಿಗೆ ತೆವಳಿದ್ದ. ತುಟಿಯ ಮೇಲೆ ಬೆಳಕು ಬೀಳಿಸಿಕೊಂಡಿದ್ದ. ಕತ್ತಲೆ ಕವಿದ ಆ ಒಂದು ಸಂಧಿ ಬಿಟ್ಟು ಉಳಿದದ್ದೆಲ್ಲ ನಾನು ಕೇಳಿದ್ದೆನೆಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಹಾಗೆ ಕೂತು ಹೇಳುತ್ತಿರಲಿಲ್ಲ, ಸ್ಲೇಟಿನಲ್ಲಿ ನಾಲ್ಕು ಸಾಲು ಗೀಚಿ ಕಳಿಸುತ್ತಿದ್ದ. ಸೇಡಿಗೋ ಸಂಕಟಕ್ಕೋ, ಸುಳ್ಳು ಕೂತೆ ಎಂಬ ಮಾತನ್ನು ಅವನು ನನಗೆ ಕೇಳಿಸುವ ಹಾಗೆಯೇ ಹೇಳಿದ್ದ. ನನಗೆ ಬೇಕಾಗಿದ್ದುದು ಅದೊಂದೇ. ಬೈಗುಳವಾದರೂ ಅವನ ತುಟಿಯಿಂದ ನೋಡಿದ್ದರೆ ಅವನ ದನಿ ಇನ್ನೊಮ್ಮೆ ತಲೆಯೊಳಗೆ ಏಳುತ್ತಿತ್ತು. ದೊಡ್ಡಬೀರಪ್ಪ ಹೇಳಿದಾಗ ಎದ್ದದ್ದು ದೊಡ್ಡಬೀರಪ್ಪನ ದನಿ.

ಅರ್ಪಿತ ಕಾಫಿ ತಂದಳು.

"ಊರಲ್ಲಿ ಹೇಳ್ತೀರಾ ಚಿಕ್ಕಪ್ಪ?" ಎಂದಳು. "ಹೇಳಿದ್ರೆ ಅಪ್ಪನ್ನ ಏನಂತಾರೆ? ಈಗ ಎಲ್ಲರೂ ದೇವರಂಥ ಮನುಷ್ಯ ಅಂತಿದಾರೆ."

"ಹೇಳಲ್ಲ."

"ಹಂಗಾದ್ರೆ ಕೂತ್ಕೊಳ್ಳಿ ಮಣೆ ಮೇಲೆ. ನಿಮಗಿಂತ ಚೆನ್ನಾಗಿ ಕೇಳೋರು ಯಾರಿದ್ದಾರೆ?"

ಅವಳು ಮನಸಾರೆ ಹೇಳಿದ ಮಾತು. ಲೋಟ ಕೆಳಗಿಟ್ಟು ಎದ್ದೆ.

ಮಣೆಯ ಮೇಲೆ ಕೂತರೆ, ಅಣ್ಣ ಆಡದ ಮಾತಿನ ಮೇಲೆ ಕೂತಂತೆ. ಅಂದು ನಾನು ಕೂತದ್ದು ಸುಳ್ಳಾಗಿರಲಿಲ್ಲ, ಇಂದು ಕೂತರೆ ಆಗುತ್ತದೆ. ಬೇಡವೆನ್ನಲು ಕಾರಣ ಬೇಕು. ನಿಜವಾದ ಕಾರಣ ಹೇಳಿದರೆ ಸತ್ತವನು ಸಣ್ಣವನಾಗುತ್ತಾನೆ, ತಂದೆಯಿಲ್ಲದ ಹುಡುಗಿ ಸುಳ್ಳಿಯಾಗುತ್ತಾಳೆ. ಬಸ್ಸಿನಲ್ಲಿ ದೊಡ್ಡಬಳ್ಳಾಪುರದವರೆಗೂ ಇನ್ನೊಂದು ಕಾರಣಕ್ಕಾಗಿ ಹುಡುಕಿದೆ. ಸಿಕ್ಕಿದ್ದು ಒಂದೇ.

ಅಮಾವಾಸ್ಯೆಯ ಹಿಂದಿನ ದಿನ ವೆಂಕಟರಾಯಪ್ಪ ಬಂದರು. ಮೀಸೆ ಬೋಳಿಸಿಕೊಂಡೇ ಬಂದಿದ್ದರು. ಮೇಲಿನ ತುಟಿ ಎಳೆಯ ಮಗುವಿನದರ ಹಾಗೆ ಬೆಳ್ಳಗಿತ್ತು. ದೇವರಮನೆಯ ತಟ್ಟೆಯನ್ನು ತಂದು ಅವರ ಮುಂದಿಟ್ಟೆ. ವೀಳ್ಯದೆಲೆ ಬಾಡಿತ್ತು.

"ನನಗೆ ಕಿವಿ ಕೇಳಿಸೋಲ್ಲ ಯಜಮಾನ್ರೇ," ಎಂದೆ. "ನಾನು ಕೂತ್ರೆ ನಿಮ್ಮ ಹರಕೆ ಮುಟ್ಟಲ್ಲ. ಕಿವಿ ಇರೋರನ್ನ ಕೂರಿಸಿ."

ಎಷ್ಟು ಜೋರಾಗಿ ಹೇಳಿದೆನೋ ತಿಳಿಯದು. ಎದುರುಮನೆಯವರು ಬಾಗಿಲಿಗೆ ಬಂದು ನೋಡಿದರು.

"ತುಟೀಲಿ ಕೇಳ್ತೀಯಲ್ಲಪ್ಪ? ನಿಮ್ಮಣ್ಣನೇ ಹೇಳವ್ನೆ."

"ಅವನು ಪ್ರೀತಿಗೆ ಹೇಳಿದಾನೆ. ತುಟಿ ನೋಡೋದೆಲ್ಲ ಕೇಳ್ದಂಗಾಗಲ್ಲ."

ವೆಂಕಟರಾಯಪ್ಪ ತಮ್ಮ ಬೋಳು ತುಟಿಯ ಮೇಲೆ ಒಮ್ಮೆ ಕೈಯಾಡಿಸಿಕೊಂಡರು. ತಟ್ಟೆ ಎತ್ತಿಕೊಂಡು ಎದ್ದರು. ಹೊಸಲು ದಾಟುವಾಗ ಅವರ ಹೆಗಲು ಅಲ್ಲಾಡಿತು, ಏನೋ ಅಂದರು. ಬೆನ್ನು ನನ್ನ ಕಡೆಗಿತ್ತು.

"ಏನಂದ್ರು?" ಎಂದು ಮುನಿತಾಯಮ್ಮನನ್ನು ಕೇಳಿದೆ.

ಅವಳು ನನ್ನ ಎದುರಿಗೆ ಬಂದು ನಿಂತು, ತುಟಿ ಬಿಡಿಸಿ, ನಿಧಾನಕ್ಕೆ ಹೇಳಿದಳು.

"ಅಣ್ಣನಿಗಿದ್ದಷ್ಟು ದೊಡ್ಡ ಮನಸ್ಸು ತಮ್ಮನಿಗಿಲ್ಲ ಅಂದ್ರು."